ಬಾಯಿ ತೆರೆದ ಮೀನು

ಕೈಕಾಲು ಸುಮ್ಮನಿಟ್ಟು ಕೂತರೆ ಮಾತ್ರ ಕತೆ, ಮಕ್ಕಳೇ.

ಒಂದು ರಾಜ್ಯದಲ್ಲಿ ಒಬ್ಬ ರಾಜನಿದ್ದ. ಅವನ ಅರಮನೆಯ ಹಿತ್ತಲಲ್ಲಿ ಒಂದು ಪುಟ್ಟ ಕೊಳ. ಮೇಲೆ ನೈದಿಲೆ, ಒಳಗೆ ನೀರುಗಿಡ, ನಡುವೆ ಕೆಂಪು ಮೀನು. ಅವನ್ನು ಮರಿಯಿಂದ ಸಾಕಿದವಳು ಕೆಲಸದ ದ್ಯಾಮವ್ವ. ದಿನಕ್ಕೊಂದು ಚಿಟಿಕೆ ತೌಡು ಹಾಕುವಳು, ಕೊಳೆತ ಎಲೆ ತೆಗೆಯುವಳು. ಅಷ್ಟೇ.

ಅರಮನೆಯ ಪಾರುಪತ್ಯ ನೋಡುವ ತಿಮ್ಮರಸಯ್ಯನಿಗೆ ರಾಜನಿಂದ ಹೊಗಳಿಸಿಕೊಳ್ಳುವ ಹುಚ್ಚು. ಒಂದು ದಿನ ಗಿಡಗಳನ್ನೆಲ್ಲ ಕೀಳಿಸಿದ.

"ಕಸ ಹೋಯಿತು ಪ್ರಭು, ಇನ್ನು ಮೀನು ಚೆನ್ನಾಗಿ ಕಾಣುತ್ತವೆ!" ಎಂದವನೇ ಹಾಲಲ್ಲಿ ನೆನೆಸಿದ ಅವಲಕ್ಕಿ ಒಂದು ಬುಟ್ಟಿ ಸುರಿದ.

"ಅಯ್ಯಾ, ಆ ಗಿಡಗಳೇ ಅವಕ್ಕೆ ಉಸಿರು" ಅಂದಳು ದ್ಯಾಮವ್ವ.

"ನೀನೇನು ಮೀನೇನೇ, ನಿನಗೆ ಗೊತ್ತಾಗೋಕೆ?"

ಮಾರನೆಯ ಬೆಳಗ್ಗೆ ದ್ಯಾಮವ್ವ ಕೊಳದ ಬಳಿಗೆ ಬಂದಳು. ಮೂರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ನೀರ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು.

"ನೋಡಿ ಪ್ರಭು, ಬಾಯಿ ಬಿಡುತ್ತಿವೆ. ಹಸಿವು! ಇವಳು ಉಪವಾಸ ಕೆಡವಿದ್ದಾಳೆ" ಎಂದು ತಿಮ್ಮರಸಯ್ಯ ಎರಡು ಬುಟ್ಟಿ ಸುರಿದ.

ಎರಡನೆಯ ಬೆಳಗ್ಗೆ ಏಳು ಮೀನು ಸತ್ತವು. "ಇನ್ನೂ ಹಸಿವು!" ಎಂದು ತಿಮ್ಮರಸಯ್ಯ ಮೂರು ಬುಟ್ಟಿ ಸುರಿದ.

ಮೂರನೆಯ ಬೆಳಗ್ಗೆ ಕೊಳ ಗಬ್ಬು ನಾರುತ್ತಿತ್ತು. ನೀರು ಹಳಸಿದ ಗಂಜಿ. ಉಳಿದದ್ದು ಹನ್ನೆರಡೇ ಮೀನು.

"ಇವಳೇ ವಿಷ ಹಾಕಿದ್ದಾಳೆ ಪ್ರಭು!" ಎಂದ ತಿಮ್ಮರಸಯ್ಯ.

ರಾಜ ನಂಬಿಬಿಟ್ಟ. "ಸಂಜೆಯೊಳಗೆ ರಾಜ್ಯ ಬಿಟ್ಟು ಹೋಗು ದ್ಯಾಮವ್ವ. ತಿಮ್ಮರಸಯ್ಯ, ಇವತ್ತು ನಿನಗೆ ನಮ್ಮ ಜೊತೆ ಔತಣ."

ದ್ಯಾಮವ್ವ ಕೈಮುಗಿದಳು. "ಆಗಲಿ ಪ್ರಭು. ಹೋಗುವ ಮುಂಚೆ ಅಯ್ಯನವರಿಗೆ ನಾನೇ ಬಡಿಸುತ್ತೇನೆ."

ರಾಜ ಒಪ್ಪಿದ. ಬೇಡವೆಂದರೂ ಬಡಿಸುವುದೇ ಉಪಚಾರ ತಾನೆ?

ಮೊದಲು ಮೂರು ಹೋಳಿಗೆ ಬಡಿಸಿದಳು. ತಿಮ್ಮರಸಯ್ಯ ಚಪ್ಪರಿಸಿ ತಿಂದ. ಆಮೇಲೆ ಆರು. ಬೆವರುತ್ತ ತಿಂದ, ರಾಜನ ಎದುರು ಬೇಡ ಅನ್ನುವುದು ಹೇಗೆ? ಆಮೇಲೆ ಒಂಬತ್ತು. ಅವನ ಕಣ್ಣು ಮೇಲಾಯಿತು. ಗಾಳಿಗಾಗಿ ಬಾಯಿ ತೆರೆದ.

ತೆರೆದ ಬಾಯಿಗೆ ದ್ಯಾಮವ್ವ ಇನ್ನೊಂದು ಹೋಳಿಗೆ ತುರುಕಿದಳು!

ಪಂಕ್ತಿಯವರೆಲ್ಲ ಬೆಚ್ಚಿ ಎದ್ದು ನಿಂತರು. "ಏನೇ ಇದು?" ರಾಜ ಗುಡುಗಿದ.

"ಬಾಯಿ ಬಿಟ್ಟರಲ್ಲ ಪ್ರಭು. ಹಸಿವಿರಬೇಕು."

ತಿಮ್ಮರಸಯ್ಯ ತುತ್ತು ಉಗುಳಿ ಕಿರುಚಿದ: "ಹಸಿವಲ್ವೇ ಮಾರಿ! ಉಸಿರು ಕಟ್ಟಿದೆ!"

"ಮೀನುಗಳೂ ಮೂರು ದಿನದಿಂದ ಅದನ್ನೇ ಹೇಳುತ್ತಿದ್ದವು" ಅಂದಳು ದ್ಯಾಮವ್ವ.

ರಾಜ ಕೈಯ ತುತ್ತನ್ನು ಎಲೆಗೆ ಹಾಕಿ ಎದ್ದ. "ದ್ಯಾಮವ್ವ, ಕೊಳ ಇನ್ನು ನಿನ್ನ ಮಾತಿನಂತೆ. ತಿಮ್ಮರಸಯ್ಯ, ನೀನು ಕೊಡ ಹಿಡಿ" ಎಂದ.

ಆ ಸಂಜೆ ದ್ಯಾಮವ್ವ ಎಲ್ಲಿಗೂ ಹೋಗಲಿಲ್ಲ. ಹನ್ನೆರಡು ಮೀನನ್ನು ಒಳ್ಳೆಯ ನೀರಿನ ಹಂಡೆಗೆ ಬಿಟ್ಟಳು. ತಿಮ್ಮರಸಯ್ಯ ಪಂಚೆ ಎತ್ತಿಕಟ್ಟಿ, ಮೂಗು ಮುಚ್ಚಿಕೊಳ್ಳಲೂ ಕೈ ಬಿಡುವಿಲ್ಲದೆ, ಆ ಹಳಸಲು ನೀರನ್ನು ಕೊಡಕೊಡವಾಗಿ ಎತ್ತಿ ಚೆಲ್ಲಿದ. ಕೆರೆಯಿಂದ ಗಿಡ ಹೊತ್ತು ತಂದು ನೆಟ್ಟ.

ಬಾಯಿ ತೆರೆದವರೆಲ್ಲ ಹಸಿದವರಲ್ಲ. ಏನು ಬೇಕೆಂದು ತಿಳಿಯದೆ ಸುರಿಯುವುದು ದಯೆಯೂ ಅಲ್ಲ.

ಕತೆಯನ್ನು ಕೊಳದಲ್ಲಿ ಬಿಟ್ಟೆ. ಈಗ ಹಸಿದವರು ಮಾತ್ರ ತಟ್ಟೆ ತನ್ನಿ.