ಹೊಳೆ ದಾಟುವ ತನಕ

ಶಿಷ್ಯ ಸಿದ್ಧಮಲ್ಲ ಕೇಳಿದ: "ಗುರುಗಳೇ, ಮನೆ ಬಿಟ್ಟು ಮಠಕ್ಕೆ ಬಂದು ವರ್ಷವಾಯಿತು. ಆದರೂ ಮನಸ್ಸು ಬಿಟ್ಟು ಬಂದ ಕಡೆಗೇ ತಿರುಗುತ್ತದೆ. ಹಿಂದಿರುಗಿ ನೋಡದೆ ಮುಂದೆ ಹೋಗುವುದನ್ನು ನನಗೆ ಕಲಿಸಿಕೊಡಿ."

"ಅಬ್ಬಾ, ದೊಡ್ಡ ವಿದ್ಯೆಯನ್ನೇ ಕೇಳಿದೆ!" ಎಂದರು ಗುರುಗಳು. "ಆ ವಿದ್ಯೆಯನ್ನು ಚೆನ್ನಾಗಿ ಕಲಿತ ಒಬ್ಬ ಕುಂಬಾರನಿದ್ದ. ಅವನ ಕತೆ ಹೇಳುತ್ತೇನೆ, ಕೂತುಕೋ. ನಡುವೆ ಬಾಯಿ ಹಾಕಬೇಡ."

ಕುಂಬಾರನ ಮನೆಯಲ್ಲಿ ಎರಡು ಕೂಸುಗಳು ಒಂದರ ಹಿಂದೊಂದು ತೊಟ್ಟಿಲಲ್ಲೇ ತೀರಿಕೊಂಡವು. ಮೂರನೆಯದು ಹೆಣ್ಣು ಕೂಸು. ಹುಟ್ಟಿ ತಿಂಗಳಾಗುವಷ್ಟರಲ್ಲಿ ಅದಕ್ಕೂ ಜ್ವರ ಬಂತು. ಕುಂಬಾರನ ಜೀವವೇ ಹಾರಿಹೋದಂತಾಯಿತು. ಅವನ ತಾಯಿ ಹೇಳಿದಳು, ಈ ಮನೆಗೆ ಪೀಡೆ ಹೊಕ್ಕಿದೆ, ಕೂಸು ಉಳಿಯಬೇಕಾದರೆ ಈ ಸೀಮೆಯನ್ನೇ ಬಿಡಬೇಕು ಎಂದು. ಹೊಳೆಯಾಚೆಯ ಸೀಮೆಯಲ್ಲಿ ಒಳ್ಳೆಯ ಜೇಡಿಮಣ್ಣು ಇದೆಯೆಂದು ಅವನೂ ಕೇಳಿದ್ದ. ಹೊರಡುವುದೆಂದು ಗಟ್ಟಿ ಮಾಡಿದ.

ಅವರ ಕುಲದಲ್ಲಿ ಸೀಮೆ ಬಿಡುವುದಕ್ಕೆ ಒಂದು ಕಟ್ಟಳೆ ಇತ್ತು. ಗಾಡಿ ಹೂಡಿದ ಮೇಲೆ ದೊಡ್ಡ ಹೊಳೆ ದಾಟುವ ತನಕ ಯಾರೂ ಹಿಂದಿರುಗಿ ನೋಡಬಾರದು, ಹಿಂದಿನಿಂದ ಕರೆದರೆ ಓಗೊಡಬಾರದು. ಪೀಡೆ ಬೆನ್ನು ಹತ್ತಿ ಬರುತ್ತದೆ. ಮನೆಯವರದೇ ದನಿಯಲ್ಲಿ ಕೂಗುತ್ತದೆ. ತಿರುಗಿದರೋ, ಗಾಡಿ ಹತ್ತಿ ಕೂತುಬಿಡುತ್ತದೆ. ತಾಯಿ ಇದನ್ನು ಮಗ ಸೊಸೆ ಇಬ್ಬರಿಗೂ ಹೊರಡುವ ಮುಂಚೆ ಹೇಳಿ, ಕೂಸಿನ ಮೇಲೆ ಆಣೆ ಹಾಕಿಸಿದಳು.

ಮುಂದೆ ಕುಂಬಾರ, ಅವನ ಬೆನ್ನಿಗೆ ಹೆಂಡತಿ ಮತ್ತು ಕೂಸು, ನಡುವೆ ತಿಗರಿ, ಹುಲ್ಲು ಸುತ್ತಿದ ಮಡಕೆಗಳ ರಾಶಿ, ಹಿಂದಿನ ತುದಿಯಲ್ಲಿ ತಾಯಿ. ಹೀಗೆ ಗಾಡಿ ಹೊರಟಿತು. ಊರಿಂದೂರಿಗೆ ದಾರಿ ಸಾಗಿತು. ಬಿಡಾರ ಹೂಡಿದಾಗಲೂ ಬಂದ ದಾರಿಗೆ ಬೆನ್ನು ಹಾಕಿಯೇ ಉಣ್ಣುತ್ತಿದ್ದರು. ನಗಬೇಡ. ಕೂಸಿನ ಜ್ವರ ದಿನದಿನಕ್ಕೆ ಇಳಿಯುತ್ತಿತ್ತು. ನೀನಾಗಿದ್ದರೂ ಹಾಗೇ ಉಣ್ಣುತ್ತಿದ್ದೆ.

ಹೊಳೆ ಬಂತು. ಅಗಲವಾದ ಹೊಳೆ, ಆದರೆ ನೀರು ಮೊಣಕಾಲುದ್ದ, ಮಿಕ್ಕಿದ್ದೆಲ್ಲ ಉಸುಕು. ಹೊಳೆ ಹರಿದು ಬರುವ ಕಡೆ ಆಕಾಶ ಕಪ್ಪಾಗಿತ್ತು. ನಡುಹೊಳೆಯಲ್ಲಿ ಗಾಲಿ ಹೂತುಕೊಂಡಿತು. ಕುಂಬಾರ ಬಾರುಕೋಲು ಬೀಸಿದ, ಬೈದ, ದೇವರಿಗೆ ಹರಕೆ ಹೊತ್ತ. ಎತ್ತುಗಳು ಮಂಡಿಯೂರಿದವು. ಗಾಡಿ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಗಾಲಿ ಮೇಲೆದ್ದಿತು.

"ದೇವರು ದೊಡ್ಡವನು!" ಎಂದು ಕುಂಬಾರ ಎತ್ತುಗಳನ್ನು ಓಡಿಸಿದ.

ಹಿಂದಿನಿಂದ ದನಿ ಬಂತು. "ಮಗಾ, ನಿಲ್ಲಿಸೋ!"

ಹೆಂಡತಿ ಬೆಚ್ಚಿಬಿದ್ದಳು. "ಏನ್ರೀ, ಅತ್ತೆ ಕೂಗಿದ ಹಾಗಾಯ್ತು."

"ಸುಮ್ಮನಿರೇ! ಅವ್ವ ಗಾಡಿಯಲ್ಲೇ ಇದ್ದಾಳೆ. ಆಚೆ ದಡ ಬಂತಲ್ಲ, ಅದಕ್ಕೇ ಆ ಪೀಡೆ ಬಾಯಿ ಬಡಿದುಕೊಳ್ಳುತ್ತಿದೆ. ಕೂಸಿನ ಕಿವಿ ಮುಚ್ಚು."

ಅವಳು ಕೂಸಿನ ಕಿವಿ ಮುಚ್ಚಿದಳು. ದನಿ ಮತ್ತೆ ಬಂತು, ಅವನ ಹೆಸರು ಹಿಡಿದೇ ಕೂಗಿತು. ಆಮೇಲೆ ಅದರ ಮೇಲೊಂದು ಭೋರೆನ್ನುವ ಸದ್ದು ಎದ್ದಿತು. ಆಮೇಲೆ ದನಿ ನಿಂತಿತು. ಕುಂಬಾರನಿಗೆ ಗೆದ್ದೆ ಅನ್ನಿಸಿತು. ಎಷ್ಟೋ ದಿನದ ಮೇಲೆ ಮನಸಾರೆ ನಕ್ಕ.

ಗಾಡಿ ದಡ ಹತ್ತಿತು. ದೂರದಲ್ಲಿ ಬಲೆ ಒಣಗಹಾಕುತ್ತಿದ್ದ ಒಬ್ಬ ಬೆಸ್ತ ಏದುಸಿರು ಬಿಡುತ್ತಾ ಓಡಿಬಂದ.

"ನೀನೇನು ಮನುಷ್ಯನೇನಯ್ಯಾ? ಆ ಮುದುಕಿಯನ್ನು ಯಾಕೆ ಬಿಟ್ಟು ಬಂದೆ?"

"ಯಾವ ಮುದುಕಿ?"

"ಯಾವ ಮುದುಕಿ ಅಂತೀಯಲ್ಲ! ಕೆಳಗಿಳಿದು ಗಾಲಿಗೆ ಹೆಗಲು ಕೊಟ್ಟು ನಿನ್ನ ಗಾಡಿ ಎಬ್ಬಿಸಿದಳಲ್ಲ, ಅವಳು! ನೀರು ಬಂತು ಅಂತ ನಾನು ಅಲ್ಲಿಂದ ಅರಚಿದೆ. ಅವಳು ಕೈಯೆತ್ತಿ ಕೂಗುತ್ತಾ ನಿನ್ನ ಹಿಂದೆಯೇ ಓಡಿ ಬರುತ್ತಿದ್ದಳು."

ಹೊಳೆ ದಾಟಿಯಾಗಿತ್ತು. ಇನ್ನು ನೋಡಬಹುದಿತ್ತು. ಕುಂಬಾರ ತಿರುಗಿ ನೋಡಿದ. ಗಾಡಿಯ ಹಿಂದಿನ ತುದಿ ಬರಿದಾಗಿತ್ತು. ಉಸುಕು ಇದ್ದಲ್ಲಿ ದಡದಿಂದ ದಡಕ್ಕೆ ಕೆಂಪು ನೀರು ಹರಿಯುತ್ತಿತ್ತು. ಅದರಲ್ಲಿ ಯಾರೂ ಇರಲಿಲ್ಲ. ಹೆಂಡತಿ ಕೂಸಿನ ಕಿವಿ ಮೇಲಿನ ಕೈ ತೆಗೆಯುವುದನ್ನೇ ಮರೆತು ಕೂತಿದ್ದಳು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಸಿದ್ಧಮಲ್ಲನ ಮುಖ ಬಿಳುಚಿಕೊಂಡಿತ್ತು.

"ಅಯ್ಯೋ, ಇದೆಂಥ ಅನ್ಯಾಯ ಗುರುಗಳೇ! ಅವನದು ಇದರಲ್ಲಿ ತಪ್ಪೇನಿದೆ? ತಿರುಗಿ ನೋಡಬೇಡ ಎಂದು ಆಣೆ ಹಾಕಿಸಿದವಳು ಅವಳೇ ಅಲ್ಲವೇ?"

"ಅವನದು ತಪ್ಪಿಲ್ಲ ಅಂತಲೇ ಇಟ್ಟುಕೋ," ಎಂದರು ಗುರುಗಳು. "ನೀನು ಹೊರಟಾಗ ನಿನ್ನ ಗಾಡಿಗೆ ಹೆಗಲು ಕೊಟ್ಟವರು ಹತ್ತಿಕೊಂಡರೋ ಇಲ್ಲವೋ, ನಿನಗಾದರೂ ಗೊತ್ತೇ?"