ಬಟ್ಟೆಯ ಕೆಳಗಿನ ಮೊಟ್ಟೆ

ರಸ್ತೆಗೂ ಬಟ್ಟೆ ಹಾಸ್ತಾರೆ, ಗೊತ್ತಾ ಮಕ್ಕಳೇ? ನಗಬೇಡಿ. ಎರೆ ಮಣ್ಣು ಬಲು ಮೆತ್ತಗೆ. ಜಲ್ಲಿ ಸುರಿದರೆ ಗುಳುಂ ಅಂತ ನುಂಗಿಬಿಡುತ್ತೆ. ಅದಕ್ಕೇ ಕೆಳಗೆ ಮಣ್ಣು, ಮೇಲೆ ಜಲ್ಲಿ, ನಡುವೆ ದಪ್ಪ ಬಟ್ಟೆ.

ಆ ಮಣ್ಣಿನ ಮೇಲೆ ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟಿತ್ತು. ಒಂದೇ ಒಂದು ಮೊಟ್ಟೆ. ಚುಕ್ಕೆ ಚುಕ್ಕೆ ಮೊಟ್ಟೆ. ಹಕ್ಕಿ ನೀರು ಕುಡಿಯೋಕೆ ಹೋಯಿತು. ಕೂಲಿಯ ದ್ಯಾಮವ್ವ ಬಟ್ಟೆ ಉರುಳಿಸುತ್ತಾ ಬಂದಳು. ಮೊಟ್ಟೆ ನೋಡಿದಳು. ಕಲ್ಲು ಅಂದುಕೊಂಡಳು. ಬಟ್ಟೆ ಹಾಸಿದಳು, ಮೊಳೆ ಹೊಡೆದಳು.

ಹಕ್ಕಿ ಬಂತು. ಮೊಟ್ಟೆ ಇಲ್ಲ. ಇಟ್ಟ ಜಾಗದ ಮೇಲೆಲ್ಲಾ ಬಟ್ಟೆ.

“ಬಟ್ಟೆ, ಬಟ್ಟೆ, ಏಳು. ಮೊಟ್ಟೆ ಸಿಗಲ್ಲ.”

“ಮೊಳೆ ಹಿಡಿದಿದೆ. ಹೇಗೆ ಏಳಲಿ?”

“ಮೊಳೆ, ಮೊಳೆ, ಬಿಡು. ಬಟ್ಟೆ ಏಳಲ್ಲ, ಮೊಟ್ಟೆ ಸಿಗಲ್ಲ.”

“ಹೊಡೆದವಳು ದ್ಯಾಮವ್ವ. ಅವಳೇ ಕೀಳಲಿ.”

“ದ್ಯಾಮವ್ವ, ದ್ಯಾಮವ್ವ, ಮೊಳೆ ಕೀಳವ್ವಾ. ಮೊಳೆ ಬಿಡಲ್ಲ, ಬಟ್ಟೆ ಏಳಲ್ಲ, ಮೊಟ್ಟೆ ಸಿಗಲ್ಲ.”

“ಅಯ್ಯೋ ನನ್ನವ್ವ, ಅದು ಮೊಟ್ಟೆನಾ? ಆದರೆ ಮೇಸ್ತ್ರಿ ಹೇಳದೆ ಮೊಳೆ ಮುಟ್ಟೋ ಹಾಗಿಲ್ಲ.”

“ಮೇಸ್ತ್ರಿ, ಮೇಸ್ತ್ರಿ, ಒಂದು ಮಾತು ಹೇಳಪ್ಪಾ. ದ್ಯಾಮವ್ವ ಕೀಳಲ್ಲ, ಮೊಳೆ ಬಿಡಲ್ಲ, ಬಟ್ಟೆ ಏಳಲ್ಲ, ಮೊಟ್ಟೆ ಸಿಗಲ್ಲ.”

“ಜಲ್ಲಿ ಲಾರಿ ಬಂದೇಬಿಟ್ಟಿತು. ಅದು ನಿಂತರೆ ಹೇಳ್ತೀನಿ.”

ಲಾರಿ ಹಿಂದಕ್ಕೆ ಹಿಂದಕ್ಕೆ ಬರುತ್ತಿತ್ತು. ಜಲ್ಲಿ ಬಿದ್ದರೆ ಮೊಟ್ಟೆ ಚೂರುಚೂರು.

“ಲಾರಿ, ಲಾರಿ, ನಿಲ್ಲು. ಮೇಸ್ತ್ರಿ ಹೇಳಲ್ಲ, ದ್ಯಾಮವ್ವ ಕೀಳಲ್ಲ, ಮೊಳೆ ಬಿಡಲ್ಲ, ಬಟ್ಟೆ ಏಳಲ್ಲ, ಮೊಟ್ಟೆ ಸಿಗಲ್ಲ.”

“ದ್ಯಾಮವ್ವನ ಕೂಸು ಎದ್ದರೆ ಮಾತ್ರ ನಿಲ್ತೀನಿ. ಇಲ್ಲಿ ಅದೇ ಪದ್ಧತಿ. ಕೂಸು ಎದ್ದು ಹಾಲು ಕುಡಿಯುವಾಗ ಧೂಳು ಏಳಬಾರದು.”

ಅಲ್ಲೊಂದು ಬೇವಿನ ಮರ. ಮರಕ್ಕೆ ಸೀರೆಯ ಜೋಲಿ. ಜೋಲಿಯಲ್ಲಿ ದ್ಯಾಮವ್ವನ ಕೂಸು ಹಾಯಾಗಿ ಮಲಗಿತ್ತು. ಎಬ್ಬಿಸೋಕೆ ಹಕ್ಕಿಗೆ ಮನಸ್ಸೇ ಬರಲಿಲ್ಲ. ಅದೂ ತಾಯಿ ತಾನೆ? ಮೆತ್ತಗೆ, ಬಲು ಮೆತ್ತಗೆ ಕರೆಯಿತು.

“ಕೂಸೇ, ಕೂಸೇ, ಏಳು ಕಂದಾ. ಲಾರಿ ನಿಲ್ಲಲ್ಲ, ಮೇಸ್ತ್ರಿ ಹೇಳಲ್ಲ, ದ್ಯಾಮವ್ವ ಕೀಳಲ್ಲ, ಮೊಳೆ ಬಿಡಲ್ಲ, ಬಟ್ಟೆ ಏಳಲ್ಲ, ಮೊಟ್ಟೆ ಸಿಗಲ್ಲ. ನಿನ್ನ ಹಾಗೆ ಅದೂ ಒಂದು ಕೂಸು.”

ಕೂಸು ಕಣ್ಣು ಬಿಟ್ಟಿತು. ಅಳಲಿಲ್ಲ. ಹಕ್ಕಿಯನ್ನು ನೋಡಿ ಕಿಲಕಿಲ ನಕ್ಕಿತು.

ಕೂಸು ಎದ್ದಿತು, ಲಾರಿ ನಿಂತಿತು.
ಲಾರಿ ನಿಂತಿತು, ಮೇಸ್ತ್ರಿ ಹೇಳಿದ.
ಮೇಸ್ತ್ರಿ ಹೇಳಿದ, ದ್ಯಾಮವ್ವ ಕಿತ್ತಳು.
ದ್ಯಾಮವ್ವ ಕಿತ್ತಳು, ಮೊಳೆ ಬಿಟ್ಟಿತು.
ಮೊಳೆ ಬಿಟ್ಟಿತು, ಬಟ್ಟೆ ಎದ್ದಿತು.
ಬಟ್ಟೆ ಎದ್ದಿತು, ಮೊಟ್ಟೆ ಸಿಕ್ಕಿತು!

ಒಡೆದಿರಲಿಲ್ಲ. ಮೆತ್ತನೆ ಮಣ್ಣು ಕಾಪಾಡಿತ್ತು.

ದ್ಯಾಮವ್ವ ಮೊಟ್ಟೆಯನ್ನು ಬೊಗಸೆಯಲ್ಲಿ ತಂದು ಬೇವಿನ ಬುಡದಲ್ಲಿ ಇಟ್ಟಳು. ಹಕ್ಕಿ ಕಾವಿಗೆ ಕೂತಿತು. ಪಕ್ಕದಲ್ಲೇ ದ್ಯಾಮವ್ವ ಕೂಸಿಗೆ ಹಾಲು ಕೊಡುತ್ತಾ ಕೂತಳು. ಅಷ್ಟು ಹೊತ್ತೂ ಲಾರಿ ಸದ್ದು ಮಾಡದೆ ನಿಂತಿತ್ತು.