ಉಡಿ ಚೆಲ್ಲಿದ ದಿನ್ನೆ

ನೆಗ್ಗಿಹಾಳದ ಮೂಡಣಕ್ಕೆ, ಎರೆಹೊಲಗಳ ನಡುವೆ ಒಂದು ದಿನ್ನೆಯಿದೆ. ಗುಡಿಯಿಲ್ಲ, ಶಾಸನವಿಲ್ಲ, ನೆತ್ತಿಯ ಮೇಲೊಂದು ಚಪ್ಪಟೆ ಬಂಡೆ, ಅಷ್ಟೆ. ಹೆಸರು ಉಡಿ ಚೆಲ್ಲಿದ ದಿನ್ನೆ. ಹೆಣ್ಣಿನ ಸೆರಗಿಗೆ ತುಂಬಿದ ಉಡಿ ನೆಲಕ್ಕೆ ಬಿದ್ದರೆ ತುಂಬಿದವರ ಮನೆಗೆ ಕೇಡು ಎಂದು ನಂಬುವ ಸೀಮೆ ಇದು. ಆದರೂ ಊರವರು ಈ ಹೆಸರನ್ನು ಅಕ್ಕರೆಯಿಂದಲೇ ಹೇಳುತ್ತಾರೆ.

ಹಿಂದೆ ಒಮ್ಮೆ ಇಲ್ಲಿನ ದೇಸಾಯರಿಗೂ ಹೊಳೆಯಾಚೆಯವರಿಗೂ ಕಾಳಗವಾಯಿತು. ‘ನಾಡೇ ತಾಯಿ, ತಾಯಂದಿರೇ ನಾಡು’ ಎಂದು ಡಂಗುರ ಹೊಡೆಸಿ ದೇಸಾಯರು ಮನೆಗೊಬ್ಬ ಮಗನನ್ನು ಕೇಳಿದರಂತೆ. ಬಾಳವ್ವನೆಂಬ ವಿಧವೆ ಇದ್ದೊಬ್ಬ ಮಗನನ್ನೇ ಕೊಟ್ಟಳು. ನಾಡು ಉಳಿಯಿತು, ಮಗ ಉಳಿಯಲಿಲ್ಲ. ಮನೆಯಲ್ಲಿ ಅವಳು, ಸೊಸೆ ನಿಂಗವ್ವ, ಹಾಲು ಕುಡಿಯುವ ಹೆಣ್ಣುಕೂಸು. ಗಂಡುದಿಕ್ಕಿಲ್ಲದ ಮನೆಯ ಹೊಲ ದಾಯಾದಿಗಳಿಗೆ ಸೇರಬೇಕು, ಹೆಂಗಸರಿಗೆ ಕೊಡುವ ಶಾಸ್ತ್ರವಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಅತ್ತು ಅತ್ತು ಬತ್ತಿದ್ದ ಬಾಳವ್ವನಿಗೆ ಆಗ ಬಂದದ್ದು ಸಿಟ್ಟು. ನಾಳೆ ಮೊಮ್ಮಗಳು ಯಾರ ಅಂಗಳದಲ್ಲಿ ಕೈಯೊಡ್ಡಬೇಕು?

ಆ ವಾರವೇ ದೇಸಾಯರು ದಿನ್ನೆಯ ಮೇಲೆ ವೀರಮಾತೆಯರ ಸಭೆ ಕರೆದರು. ಬಾಳವ್ವನಂತೆಯೇ ಮಗನನ್ನೂ ಹೊಲವನ್ನೂ ಕಳೆದುಕೊಂಡ ಇನ್ನೂ ಹನ್ನೊಂದು ಮಂದಿ ವಿಧವೆಯರು ಬಂದರು. ವಿಧವೆಗೆ ಉಡಿ ತುಂಬುವ ವಾಡಿಕೆ ಎಲ್ಲೂ ಇರಲಿಲ್ಲ. ನಾಡಿಗೆ ಮಗನನ್ನು ಕೊಟ್ಟವಳಿಗೆ ಆ ಕಟ್ಟಿಲ್ಲ ಎಂದು ದೇಸಾಯರೇ ತವರಿನ ಅಣ್ಣನ ಸ್ಥಾನದಲ್ಲಿ ನಿಂತು ಹನ್ನೆರಡು ಮಂದಿಗೂ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ತುಂಬಿದರು. ಭಟ್ಟಂಗಿಗಳು ಉಘೇ ಎಂದರು. ಬಾಳವ್ವ ಸೆರಗು ಸಡಿಲಿಸಿದಳು. ಅಕ್ಕಿಯೆಲ್ಲ ಬಂಡೆಯ ಮೇಲೆ ಚೆಲ್ಲಿತು.

“ತಪ್ಪಾದರ ಹೊಟ್ಟ್ಯಾಗ ಹಾಕ್ಕೋರಿ ಧಣಿ,” ಎಂದಳು. “ಗಂಡ ಸತ್ತಾಕಿಗೆ ಉಡಿ ತುಂಬಾಕ ಶಾಸ್ತ್ರ ಬಾಗಿತು. ಹೊಲ ಕೊಡಾಕ ಯಾಕ ಬಾಗವಲ್ದು? ನಾಡಿಗೆಲ್ಲ ತಾಯಿ ಅಂತೀರಿ, ನನ್ನ ತುಂಡು ಹೊಲಕ್ಕ ಒಡತಿ ಅಲ್ಲ ಅಂತೀರಿ.”

ಅವಳ ಹಿಂದಿದ್ದ ಹನ್ನೊಂದು ಮಂದಿ ತಾಯಂದಿರೂ ಒಬ್ಬೊಬ್ಬರಾಗಿ ಸೆರಗು ಸಡಿಲಿಸಿದರು. ದೇಸಾಯರಿಗೆ ಸಿಟ್ಟು ನೆತ್ತಿಗೇರಿತು ಎನ್ನುತ್ತಾರೆ. ಆದರೆ ಅಣ್ಣನಾಗಿ ಉಡಿ ತುಂಬಿದವನು ತಂಗಿಯನ್ನು ಬರಿ ಸೆರಗಿನಲ್ಲಿ ಕಳಿಸುವಂತಿಲ್ಲ. ಬಾಳವ್ವನತ್ತ ತಿರುಗಿ, “ಏನು ತುಂಬಿದರ ಚೆಲ್ಲೂದಿಲ್ಲ, ಹೇಳು ತಂಗೆವ್ವಾ,” ಎಂದರು.

“ನನ್ನ ಹೊಲದ ಮಣ್ಣು ತುಂಬ್ರಿ.”

ಅಂದೇ ಹನ್ನೆರಡು ಹೊಲಗಳಿಂದ ಮಣ್ಣು ಬಂತು. ಗಂಡುದಿಕ್ಕಿಲ್ಲದ ಮನೆಯ ಹೊಲ ಇನ್ನು ಮನೆಯ ಹೆಣ್ಣುಮಕ್ಕಳದೇ ಎಂದು ನುಡಿದು ದೇಸಾಯರು ಉಡಿ ತುಂಬಿದರು. ಆ ತಾಯಿಯ ಋಣವನ್ನು ಊರು ಇನ್ನೂ ಮರೆತಿಲ್ಲ.

ಹೆಣ್ಣಿನ ಹೆಸರಿಗೆ ಹೊಲವೋ ಮನೆಯೋ ಆದ ದಿನ ಆಕೆ ದಿನ್ನೆ ಹತ್ತುವುದನ್ನು ಇಂದಿಗೂ ಕಾಣಬಹುದು. ಮದುವೆಯಾದವಳೋ ಆಗದವಳೋ, ಮಕ್ಕಳುಂಟೋ ಇಲ್ಲವೋ, ಯಾರೂ ಕೇಳುವುದಿಲ್ಲ. ‘ನಿನ್ನ ಪುಣ್ಯ ಯವ್ವಾ’ ಎಂದು ಬಂಡೆಗೆ ಹಣೆ ಹಚ್ಚಿ, ತನ್ನ ನೆಲದ ಹಿಡಿಮಣ್ಣನ್ನು ತಾನೇ ಉಡಿಯಲ್ಲಿ ಕಟ್ಟಿಕೊಂಡು ಇಳಿದು ಹೋಗುತ್ತಾಳೆ.